ತಪ್ಪಿನ ಸುದ್ದಿ ಮೇಲಕ್ಕೆ ಮುಟ್ಟಬೇಕು

ಕೆಲಸದವರಿಂದ ತಪ್ಪಾದಾಗ ಮೇಲಿನವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಎರಡು ಸಂಗತಿಗಳು ನಿಂತಿವೆ. ಆಗಿರುವ ನಷ್ಟ ಎಷ್ಟಕ್ಕೆ ನಿಲ್ಲುತ್ತದೆ ಎಂಬುದು ಒಂದು. ಮುಂದಿನ ತಪ್ಪು ಯಾವಾಗ ಗೊತ್ತಾಗುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ತಿಂಗಳುಗಟ್ಟಲೆ ಯಾರಿಗೂ ಕಾಣದೆ ಕೂತಿದ್ದು, ಕಾಣುವ ಹೊತ್ತಿಗೆ ದೊಡ್ಡ ಬೆಲೆ ಕೇಳುತ್ತದೆ. ಎಲ್ಲರೆದುರು ಬೈಸಿಕೊಂಡವನು, ಅದನ್ನು ನೋಡುತ್ತ ನಿಂತ ಪಕ್ಕದವನು, ಇಬ್ಬರೂ ಅವತ್ತೇ ಒಂದು ಪಾಠ ಕಲಿತುಬಿಡುತ್ತಾರೆ: ಇನ್ನು ಮುಂದೆ ಬಾಯಿ ಬಿಡಬಾರದು. ಸಂಸ್ಥೆ ನಡೆಸುವವರಿಗೆ ಇದಕ್ಕಿಂತ ಅಪಾಯದ ಪಾಠ ಬೇರೆ ಇಲ್ಲ.

ಈ ವಿಷಯ ದೊಡ್ಡ ಕಂಪನಿಗಳ ಎಚ್‌ಆರ್ ವಿಭಾಗಕ್ಕೆ ಮಾತ್ರ ಸೇರಿದ್ದಲ್ಲ. ದಕ್ಷಿಣ ಬೆಂಗಳೂರಿನಲ್ಲಿ ಒಂದು ಸುತ್ತು ಹಾಕಿದರೆ ಎಷ್ಟು ಬಗೆಯ ಕೆಲಸಗಳು ಒತ್ತೊತ್ತಾಗಿ ನಡೆಯುತ್ತಿವೆ ಎಂಬುದು ಗೊತ್ತಾಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಗಳು, ಬೀದಿಗೊಂದರಂತಿರುವ ದರ್ಶಿನಿಗಳು, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ, ಹೊಸೂರು ರಸ್ತೆಯ ನಿಮ್ಹಾನ್ಸ್, ಬನಶಂಕರಿಯ ಬಸ್ ನಿಲ್ದಾಣ, ಜೆ.ಪಿ. ನಗರದ ಸಾಫ್ಟ್‌ವೇರ್ ಕಚೇರಿಗಳು, ಬಿಟಿಎಂ ಲೇಔಟಿನ ಮನೆಗಳ ಮಹಡಿಯಲ್ಲಿ ಶುರುವಾದ ಸ್ಟಾರ್ಟಪ್‌ಗಳು. ನಾಲ್ಕು ಜನರ ಅಂಗಡಿಯಿರಲಿ, ಪಾಳಿಯ ಮೇಲೆ ಪಾಳಿ ನಡೆಯುವ ಆಸ್ಪತ್ರೆಯಿರಲಿ, ಕೆಲಸ ನಡೆಯುವ ಕಡೆ ತಪ್ಪು ಆಗಿಯೇ ಆಗುತ್ತದೆ. ಅದನ್ನು ಕೇಳಿಸಿಕೊಳ್ಳುವವರು ಹೇಗಿದ್ದಾರೆ ಎಂಬುದರಲ್ಲಿ ಜಾಗದಿಂದ ಜಾಗಕ್ಕೆ ವ್ಯತ್ಯಾಸವಿದೆ.

ಬನಶಂಕರಿಯ ಯಾವುದೋ ಅಡ್ಡರಸ್ತೆಯ ಮೆಡಿಕಲ್ ಶಾಪ್ ಒಂದನ್ನು ಊಹಿಸಿಕೊಳ್ಳಬಹುದು. ಸಂಜೆ ಏಳರ ಹೊತ್ತು, ಕೌಂಟರಿನ ಮುಂದೆ ಎಂಟು ಹತ್ತು ಜನ. ರಕ್ತದೊತ್ತಡದ ಮಾತ್ರೆ, ಐದು ಮಿಲಿಗ್ರಾಮಿನದು ಬರೆದಿದ್ದ ಚೀಟಿಗೆ ಕೆಲಸದ ಹುಡುಗ ಹತ್ತು ಮಿಲಿಗ್ರಾಮಿನ ಸ್ಟ್ರಿಪ್ ಕೊಟ್ಟು ಕಳಿಸಿದ್ದಾನೆ. ಎರಡೂ ಒಂದೇ ಕಂಪನಿಯವು, ಡಬ್ಬಿಯ ಬಣ್ಣ ಒಂದೇ, ರ‍್ಯಾಕಿನಲ್ಲಿ ಇಟ್ಟಿರುವುದೂ ಅಕ್ಕಪಕ್ಕ. ರಾತ್ರಿ ಷಟರ್ ಎಳೆಯುವ ಮುಂಚೆ ಸ್ಟಾಕ್ ನೋಡುವಾಗ ಅವನಿಗೆ ಅನುಮಾನ ಬರುತ್ತದೆ. ಈಗ ಅವನ ತಲೆಯಲ್ಲಿ ಓಡುವುದು ಔಷಧಶಾಸ್ತ್ರವಲ್ಲ, ಯಜಮಾನರ ಮುಖ. ಹೋದ ತಿಂಗಳು ಸಿರಪ್ ಬಾಟಲಿ ಒಡೆದಾಗ ಏನಾಯಿತು ಎಂಬುದು ನೆನಪಿಗೆ ಬರುತ್ತದೆ. ಅವತ್ತು ಗಿರಾಕಿಗಳೆದುರು ಬೈಸಿಕೊಂಡಿದ್ದರೆ, ಸಂಬಳದಲ್ಲಿ ಹಣ ಹಿಡಿದಿದ್ದರೆ, ಇವತ್ತು ಅವನು ಸುಮ್ಮನೆ ಮನೆಗೆ ಹೋಗುತ್ತಾನೆ. ಹಾಗಾಗಿರದಿದ್ದರೆ, "ಅಣ್ಣಾ, ಆ ಅಜ್ಜಿಗೆ ಹತ್ತರದ್ದು ಕೊಟ್ಬಿಟ್ಟೆ ಅನ್ಸುತ್ತೆ" ಎಂಬ ಮಾತು ಬಾಯಿಂದ ಬರುತ್ತದೆ. "ಸರಿ, ಬಿಲ್ ತೆಗಿ, ಫೋನ್ ನಂಬರ್ ಇದೆಯಾ ನೋಡು" ಎಂದು ಯಜಮಾನ ಹೇಳಿದರೆ, ಆ ರಾತ್ರಿಯೇ ಮಾತ್ರೆ ಬದಲಾಗುತ್ತದೆ. ಮರುದಿನ ರ‍್ಯಾಕಿನಲ್ಲಿ ಐದರ ಡಬ್ಬಿಯೂ ಹತ್ತರ ಡಬ್ಬಿಯೂ ಬೇರೆ ಬೇರೆ ಖಾನೆಗೆ ಹೋಗುತ್ತವೆ. ಒಬ್ಬ ವೃದ್ಧೆಯ ಆರೋಗ್ಯ ಇಲ್ಲಿ ಸಿರಪ್ ಬಾಟಲಿ ಒಡೆದ ದಿನದ ನಡವಳಿಕೆಯ ಮೇಲೆ ನಿಂತಿತ್ತು.

ಸಂಶೋಧನೆಯೂ ಇದನ್ನೇ ಹೇಳುತ್ತದೆ. 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥರಿರುವ, ಹೊಂದಾಣಿಕೆಯಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆಯಾಗಿತ್ತು. ಅಂಕಿಅಂಶ ಬಂದಾಗ ತಿರುಗುಮುರುಗಾಗಿತ್ತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಕೆದಕಿ ನೋಡಿದಾಗ ತಿಳಿದದ್ದು, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆಚ್ಚು ಹೇಳಿಕೊಳ್ಳುತ್ತಿದ್ದವು. ಹೆದರಿಕೆ ಇರುವ ವಾರ್ಡುಗಳ ದಾಖಲೆ ಪುಸ್ತಕ ಶುಭ್ರವಾಗಿತ್ತು, ತಪ್ಪುಗಳು ಪುಸ್ತಕದಿಂದಾಚೆ ಉಳಿದಿದ್ದವು. ಹಾಗಾಗಿ ತನ್ನ ವಿಭಾಗದಲ್ಲಿ ತಪ್ಪೇ ಆಗುವುದಿಲ್ಲ ಎಂದು ಹೇಳಿಕೊಳ್ಳುವ ಮ್ಯಾನೇಜರ್ ಮೊದಲು ಕೇಳಿಕೊಳ್ಳಬೇಕಾದದ್ದು, ತನ್ನ ಬಳಿ ಬಂದು ಹೇಳುವ ಧೈರ್ಯ ಯಾರಿಗಾದರೂ ಇದೆಯೇ ಎಂದು.

ತಪ್ಪನ್ನು ನಿಭಾಯಿಸುವ ಬಗೆಗೆ ಕರ್ನಾಟಕದಲ್ಲೇ ಬೇರೂರಿದ, ಜಗತ್ತಿಗೆ ತೋರಿಸಬಹುದಾದ ಒಂದು ಪರಂಪರೆಯಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. 1972ರಿಂದ 1984ರವರೆಗೆ ಅದರ ಅಧ್ಯಕ್ಷರಾಗಿದ್ದ ಸತೀಶ್ ಧವನ್ ಅದೇ ಕಾಲದಲ್ಲಿ, 1981ರವರೆಗೆ, ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಎಸ್‌ಎಲ್‌ವಿ-3 ರಾಕೆಟ್ ಮೊದಲ ಬಾರಿ ಹಾರಿತು. ಯೋಜನಾ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಮೊದಲ ಹಂತ ಸರಿಯಾಗಿಯೇ ನಡೆಯಿತು, ಎರಡನೇ ಹಂತದಲ್ಲಿ ರಾಕೆಟ್ ಹತೋಟಿ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. ಅದಾದ ಮೇಲಿನ ಪತ್ರಿಕಾಗೋಷ್ಠಿಯಲ್ಲಿ ಧವನ್ ಸೋಲಿನ ಹೊಣೆಯನ್ನು ತಮ್ಮ ಮೈಮೇಲೆ ಎಳೆದುಕೊಂಡರು, ತಂಡದ ಮೇಲೆ ತಮಗೆ ಪೂರ್ಣ ನಂಬಿಕೆಯಿದೆ, ಅವರಿಗೆ ಇನ್ನಷ್ಟು ಬೆಂಬಲ ಬೇಕು ಎಂದರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಪತ್ರಕರ್ತರ ಮುಂದೆ ಕೂರಲು ಧವನ್ ಕಲಾಂ ಅವರನ್ನು ಕಳಿಸಿದರು. ಸೋಲು ಬಂದಾಗ ಮುಂದಾಳು ಮುಂದೆ ನಿಲ್ಲುವುದು, ಗೆಲುವು ಬಂದಾಗ ತಂಡವನ್ನು ಮುಂದೆ ಬಿಡುವುದು ಎಂದರೆ ಏನು ಎಂದು ಕಲಾಂ ಈ ಪ್ರಸಂಗವನ್ನು ಜೀವನದುದ್ದಕ್ಕೂ ಹೇಳುತ್ತಿದ್ದರು.

ಜನ ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಹೊರಗೆ ಹೊಣೆ ಹೊತ್ತದ್ದರಿಂದ ಒಳಗಿನ ವಿಚಾರಣೆ ಸಡಿಲವಾಗಲಿಲ್ಲ. ಬಳಿಕ ನಡೆದ ಪರಿಶೀಲನೆಯಲ್ಲಿ ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯನ್ನು ಬಿಡಿ ಬಿಡಿಯಾಗಿ ನೋಡಿದರು. ಉಡಾವಣೆಗೆ ಎಂಟು ನಿಮಿಷ ಮುಂಚೆ ಕೊಟ್ಟ ಆಜ್ಞೆಗೆ ತೆರೆದುಕೊಂಡ ಒಂದು ಸಾಲೆನಾಯ್ಡ್ ಕವಾಟ, ಒಳಗೆ ಕಶ್ಮಲ ಸೇರಿಕೊಂಡಿದ್ದರಿಂದ, ಮತ್ತೆ ಮುಚ್ಚಿಕೊಂಡಿರಲಿಲ್ಲ. ಆ ಹಂತದ ನಿಯಂತ್ರಣಕ್ಕೆ ಬೇಕಾಗಿದ್ದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಕಲಾಂ ಮುಂದೆ ತಮ್ಮ ಮಾತುಗಳಲ್ಲಿ ಇನ್ನೊಂದನ್ನೂ ತೆರೆದಿಟ್ಟಿದ್ದಾರೆ. ಉಡಾವಣೆಗೆ ಕೆಲವೇ ನಿಮಿಷ ಇರುವಾಗ ಕಂಪ್ಯೂಟರ್ ತಡೆ ಒಡ್ಡಿತ್ತು. ಹಿಂದೆ ನಿಂತಿದ್ದ ತಜ್ಞರು ಲೆಕ್ಕ ಹಾಕಿ, ಸಾಕಷ್ಟು ದ್ರವ ಉಳಿದಿದೆ, ಮುಂದುವರಿಯಬಹುದು ಎಂದರು. ಅವರ ಮಾತಿನ ಮೇಲೆ ಕಂಪ್ಯೂಟರನ್ನು ಬದಿಗಿಟ್ಟು ರಾಕೆಟ್ ಹಾರಿಸುವ ತೀರ್ಮಾನ ಕೈಗೊಂಡವರು ಕಲಾಂ ಅವರೇ. ಒಬ್ಬರ ತೀರ್ಮಾನ, ಕೆಲವರ ಸಲಹೆ, ಒಂದು ಕವಾಟದ ಕೊಳೆ, ಎಲ್ಲವೂ ಸೇರಿ ಆದ ಸೋಲು ಅದು. ಕಲಾಂ ಅವರ ತಲೆದಂಡ ಪಡೆದಿದ್ದರೆ ಪತ್ರಿಕೆಗಳಿಗೆ ಸಮಾಧಾನವಾಗುತ್ತಿತ್ತು, ಕವಾಟದ ಕೊಳೆ ಅಲ್ಲೇ ಇರುತ್ತಿತ್ತು.

ಹೊರಗೆ ತಂಡಕ್ಕೆ ಆಸರೆ, ಒಳಗೆ ನಿಷ್ಠುರ ತನಿಖೆ. ಈ ಎರಡೂ ಕೂಡಿದ ರೀತಿ ಇಸ್ರೋದಲ್ಲಿ ಆಮೇಲೂ ಮುಂದುವರಿಯಿತು. ಉಡುಪಿಯ ಅದಮಾರಿನಿಂದ ಬಂದ ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ ಎಎಸ್‌ಎಲ್‌ವಿ ರಾಕೆಟ್ 1987ರ ಮಾರ್ಚ್‌ನಲ್ಲಿ, ಮತ್ತೆ 1988ರ ಜುಲೈನಲ್ಲಿ, ಎರಡು ಸಲ ಸತತವಾಗಿ ಸೋತಿತು. 1992ರ ಮೇ ತಿಂಗಳಲ್ಲಿ ಗೆದ್ದಿತು. 1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿಯ ಮೊದಲ ಹಾರಾಟ ವಿಫಲವಾದಾಗ, ತನಿಖೆ ರಾಕೆಟ್ಟಿನೊಳಗಿನ ನಿಯಂತ್ರಣ ತಂತ್ರಾಂಶದ ಒಂದು ದೋಷದವರೆಗೆ ಹೋಗಿ ಮುಟ್ಟಿತು. ಮುಂದಿನ ವರ್ಷ ಅಕ್ಟೋಬರಿನಲ್ಲಿ ಅದೇ ರಾಕೆಟ್ ಯಶಸ್ವಿಯಾಯಿತು. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿದ ಮೇಲೆ ನಡೆದದ್ದೂ ಇದೇ. ಎಂಜಿನ್‌ಗಳ ನೂಕುಬಲ ನಿರೀಕ್ಷೆಗಿಂತ ಹೆಚ್ಚಾಗಿತ್ತು, ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿಕೊಂಡು ಬೆಳೆದವು, ಅವನ್ನು ಸರಿಪಡಿಸಿಕೊಳ್ಳಲು ಲ್ಯಾಂಡರ್ ತಿರುಗಬೇಕಾದ ವೇಗಕ್ಕೆ ತಂತ್ರಾಂಶವೇ ಮಿತಿ ಹಾಕಿತ್ತು, ಇಳಿಯಲು ಗುರುತಿಸಿದ್ದ ಜಾಗವೂ 500 ಮೀಟರ್ ಅಗಲ, 500 ಮೀಟರ್ ಉದ್ದದಷ್ಟು ಚಿಕ್ಕದಾಗಿತ್ತು. ಚಂದ್ರಯಾನ-3ಕ್ಕೆ ಆ ಜಾಗವನ್ನು ಸುಮಾರು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಯಾವುದು ಸರಿಯಾಗಿ ನಡೆಯಬೇಕು ಎಂಬುದಕ್ಕಿಂತ ಯಾವುದು ಕೈಕೊಡಬಹುದು ಎಂಬುದನ್ನು ಮುಂದಿಟ್ಟುಕೊಂಡು ಈ ಸಲ ವಿನ್ಯಾಸ ಮಾಡಿದೆವು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು. 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು, ಅದನ್ನು ನೋಡಿಕೊಂಡದ್ದು ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರ. ಇಷ್ಟಾದರೂ ಸೋಲು ಪೂರ್ತಿ ನಿಂತಿಲ್ಲ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಮೂರನೇ ಹಂತದಲ್ಲಿ ಕೈಕೊಟ್ಟಿತು. ತಪ್ಪನ್ನು ಸರಿಯಾಗಿ ನಿಭಾಯಿಸುವುದೆಂದರೆ ತಪ್ಪೇ ಆಗದಂತೆ ಮಾಡುವುದಲ್ಲ, ಒಂದೇ ತಪ್ಪು ಎರಡು ಸಲ ಆಗದಂತೆ ನೋಡಿಕೊಳ್ಳುವುದು.

ರಾಕೆಟ್ಟಿನ ಮಾತು ಅಂಗಡಿಗೆ, ಹೋಟೆಲಿಗೆ ಹೊಂದುತ್ತದೆಯೇ ಎಂದು ಕೇಳಬಹುದು. ಹೊಂದುತ್ತದೆ, ಆದರೆ ಒಂದು ವಿಂಗಡಣೆ ಮೊದಲು ಆಗಬೇಕು. ತಪ್ಪೆಂದು ಕರೆಯುವ ಎಲ್ಲವೂ ಒಂದೇ ಜಾತಿಯವಲ್ಲ. ಕಣ್ತಪ್ಪಿನಿಂದ, ಮರೆವಿನಿಂದ, ದಣಿವಿನಿಂದ ಆಗುವುದು ಒಂದು ಬಗೆ. ಹತ್ತು ಗಂಟೆ ಗಲ್ಲಾದ ಮೇಲೆ ಕೂತವನು ಐನೂರರ ನೋಟಿಗೆ ಹೆಚ್ಚು ಚಿಲ್ಲರೆ ಕೊಡುತ್ತಾನೆ. ಇದಕ್ಕೆ ಶಿಕ್ಷೆ ಕೊಟ್ಟರೆ ದಣಿವು ಕಡಿಮೆಯಾಗುವುದಿಲ್ಲ. ಎರಡನೆಯ ಬಗೆ, ಎಲ್ಲರೂ ಮಾಡುತ್ತಾರೆಂದು ನಿಯಮವನ್ನು ಪಕ್ಕಕ್ಕಿಡುವುದು. ಗ್ಯಾಸ್ ಸಿಲಿಂಡರ್ ಬದಲಿಸಿದ ಮೇಲೆ ಸೋಪಿನ ನೀರು ಹಾಕಿ ಸೋರಿಕೆ ನೋಡಬೇಕು, ಬೆಳಗಿನ ಗದ್ದಲದಲ್ಲಿ ಯಾರೂ ನೋಡುವುದಿಲ್ಲ, ಇದುವರೆಗೆ ಏನೂ ಆಗಿಲ್ಲ. ಇಲ್ಲಿ ಕೆಲಸದವನಿಗೆ ತಿಳಿಹೇಳಬೇಕು, ಜೊತೆಗೆ ಆ ಗದ್ದಲದಲ್ಲಿ ನಿಯಮ ಪಾಲಿಸಲು ಸಮಯ ಇತ್ತೇ ಎಂದು ಯಜಮಾನ ತನ್ನನ್ನೇ ಕೇಳಿಕೊಳ್ಳಬೇಕು. ಮೂರನೆಯದು ಗೊತ್ತಿದ್ದೂ ಬೇರೆಯವರ ಜೀವ, ಹಣದ ಜೊತೆ ಆಡುವುದು: ಕುಡಿದು ಗಾಡಿ ಓಡಿಸುವುದು, ಲೆಕ್ಕ ತಿದ್ದುವುದು, ಆದದ್ದನ್ನು ಮುಚ್ಚಿಹಾಕಲು ದಾಖಲೆ ಬದಲಿಸುವುದು. ಇದು ತಪ್ಪಿನ ಗಡಿ ದಾಟಿದ ನಡತೆ, ಇದಕ್ಕೆ ಶಿಸ್ತಿನ ಕ್ರಮ ಬೇಕೇ ಬೇಕು. ಮೂರನ್ನೂ ಒಂದೇ ದನಿಯಲ್ಲಿ ಬೈಯುವ ಕಡೆ ಪ್ರಾಮಾಣಿಕನೂ ಸುಳ್ಳು ಹೇಳಲು ಕಲಿಯುತ್ತಾನೆ. ಮೂರನ್ನೂ ಕ್ಷಮಿಸುವ ಕಡೆ ಶ್ರದ್ಧೆಯಿಂದ ಕೆಲಸ ಮಾಡುವವನು ಬೇಸತ್ತು ಬಿಟ್ಟುಹೋಗುತ್ತಾನೆ.

ವಿಂಗಡಿಸುವಾಗ ಪರಿಣಾಮ ನೋಡಿ ಮೋಸಹೋಗಬಾರದು. ಒಂದೇ ಕಣ್ತಪ್ಪಿಗೆ ಒಂದು ದಿನ ಏನೂ ಆಗುವುದಿಲ್ಲ, ಇನ್ನೊಂದು ದಿನ ಲಕ್ಷ ರೂಪಾಯಿ ನಷ್ಟವಾಗುತ್ತದೆ. ಲಕ್ಷ ಹೋದ ದಿನ ಕೆಲಸದಿಂದ ತೆಗೆದು, ಏನೂ ಆಗದ ದಿನ ನಕ್ಕು ಬಿಟ್ಟರೆ ಅದು ನ್ಯಾಯವಲ್ಲ, ಅದೃಷ್ಟದ ಲೆಕ್ಕ. ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನೂ ಆಗಿಹೋದ ಅನಾಹುತದಷ್ಟೇ ಗಂಭೀರವಾಗಿ ನೋಡುವ ಕಡೆ ಮಾತ್ರ ಸುಧಾರಣೆ ಅಗ್ಗದಲ್ಲಿ ಸಿಗುತ್ತದೆ. ವಿಮಾನಯಾನ ಇದನ್ನು ತುಂಬ ದುಬಾರಿ ಬೆಲೆ ತೆತ್ತು ಕಲಿತಿದೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫೆ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನದ ಹಿರಿಯ ಕ್ಯಾಪ್ಟನ್ ಅನುಮತಿ ಸಿಗುವ ಮುನ್ನವೇ ಓಟ ಶುರು ಮಾಡಿದ್ದರು. ಇನ್ನೊಂದು ವಿಮಾನ ದಾರಿಯಲ್ಲೇ ಇರಬಹುದೇನೋ ಎಂದು ಕಾಕ್‌ಪಿಟ್ಟಿನಲ್ಲಿದ್ದ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು, ಕೇಳಿದವರು ಮತ್ತೆ ಒತ್ತಾಯಿಸಲಿಲ್ಲ. ಆ ದುರಂತದ ನಂತರ ಕಿರಿಯರು ಹಿರಿಯರನ್ನು ತಡೆದು ಕೇಳುವುದನ್ನು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನು ತರಬೇತಿಯಲ್ಲೇ ಕಲಿಸುವ ಪದ್ಧತಿ ಬಂತು. ಅಮೆರಿಕದಲ್ಲಿ 1976ರಿಂದಲೇ, ತಮ್ಮಿಂದಾದ ಉದ್ದೇಶವಿಲ್ಲದ ತಪ್ಪನ್ನು ಪೈಲಟ್‌ಗಳು ತಾವಾಗಿ ವರದಿ ಮಾಡಿದರೆ ದಂಡದಿಂದ ರಿಯಾಯಿತಿ ಸಿಗುವ ವ್ಯವಸ್ಥೆ ನಡೆದುಬಂದಿದೆ.

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸ್ವಲ್ಪ ದೂರದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. ಟೊಯೊಟಾ ಜಗತ್ತಿಗೆ ಕಲಿಸಿದ ಪದ್ಧತಿಯಲ್ಲಿ ತಪ್ಪು ಕಂಡ ಯಾವ ಕಾರ್ಮಿಕನೂ ತಲೆಯ ಮೇಲಿನ ಹಗ್ಗ ಎಳೆಯಬಹುದು. ಎಳೆದ ಕೂಡಲೇ ಫಲಕದಲ್ಲಿ ದೀಪ ಹೊತ್ತಿ, ತಂಡದ ನಾಯಕ ಅವನ ಬಳಿ ಬರುತ್ತಾನೆ. ಗೊತ್ತುಪಡಿಸಿದ ಸಮಯದಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಕಾರು ನಿಮಿಷಗಳ ಲೆಕ್ಕದಲ್ಲಿ ಹೊರಬರುವ ಕಾರ್ಖಾನೆಯಲ್ಲಿ ಸಾಲು ನಿಲ್ಲಿಸುವುದು ಸಣ್ಣ ಖರ್ಚಲ್ಲ. ಆದರೂ ಆ ಅಧಿಕಾರವನ್ನು ಅತಿ ಕೆಳಗಿನವನ ಕೈಗೆ ಕೊಟ್ಟಿರುವುದರ ಹಿಂದೆ ಸ್ಪಷ್ಟ ಲೆಕ್ಕಾಚಾರವಿದೆ: ಈಗ ಬಿಟ್ಟುಬಿಟ್ಟ ದೋಷ ಗಿರಾಕಿಯ ಮನೆಯಲ್ಲಿ ನೂರು ಪಟ್ಟು ದುಬಾರಿಯಾಗುತ್ತದೆ. ಅದೇ ಪದ್ಧತಿಯ ಇನ್ನೊಂದು ಭಾಗ, ಕಾರಣ ಹುಡುಕುವಾಗ "ಯಾಕೆ" ಎಂದು ಐದು ಸಲ ಕೇಳುವುದು. ದರ್ಶಿನಿಯ ಅಡುಗೆಮನೆಗೆ ಅದನ್ನು ತಂದರೆ ಹೀಗಾದೀತು. ಸಾಂಬಾರು ಉಪ್ಪಾಯಿತು. ಯಾಕೆ? ಎರಡು ಸಲ ಉಪ್ಪು ಬಿತ್ತು. ಯಾಕೆ? ಒಬ್ಬ ಹಾಕಿ ಹೋಗಿದ್ದ, ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಯಾಕೆ? ಆರು ಗಂಟೆಗೆ ಪಾಳಿ ಬದಲಾಗುತ್ತದೆ, ಒಲೆಯ ಮೇಲೆ ಏನು ಎಲ್ಲಿಗೆ ಬಂದಿದೆ ಎಂದು ಹೇಳಿ ಹೋಗುವ ರೂಢಿಯಿಲ್ಲ. ಮೂರನೆಯ ಉತ್ತರಕ್ಕೇ ದಾರಿ ಕಂಡಿತು. ಮೊದಲ ಉತ್ತರದಲ್ಲೇ ನಿಂತು ಅಡುಗೆಯವನಿಗೆ ಬೈದಿದ್ದರೆ ಮುಂದಿನ ವಾರ ಮತ್ತೆ ಉಪ್ಪಾಗುತ್ತಿತ್ತು.

ಇಂದಿನ ಬೆಂಗಳೂರಿನ ಅಡುಗೆಮನೆಗಳಲ್ಲಿ, ಕಟ್ಟಡದ ಕೆಲಸದಲ್ಲಿ ಇನ್ನೊಂದು ಕಾರಣವೂ ಮೇಲಿಂದ ಮೇಲೆ ಸಿಗುತ್ತದೆ. ಮೇಸ್ತ್ರಿ ಕನ್ನಡದಲ್ಲೋ ತಮಿಳಿನಲ್ಲೋ ಹೇಳುತ್ತಾನೆ, ಕೇಳುವವನು ಒಡಿಶಾದಿಂದ, ಅಸ್ಸಾಂನಿಂದ ಬಂದು ಮೂರು ವಾರವಾಗಿದೆ. ಅರ್ಥವಾಗದಿದ್ದರೂ ತಲೆಯಾಡಿಸುತ್ತಾನೆ, ಯಾಕೆಂದರೆ ಮತ್ತೆ ಕೇಳಿದರೆ ರೇಗುತ್ತಾರೆ. ಆಮೇಲೆ ಆಗುವುದಕ್ಕೆ ಅವನ ಹೆಸರು ಹಚ್ಚುವುದು ಸುಲಭ. ಹೇಳಿದ್ದನ್ನು ತಿರುಗಿ ಹೇಳಿಸುವುದು, ಡಬ್ಬಿಗಳಿಗೆ ಬಣ್ಣ ಹಚ್ಚುವುದು, ಅಳತೆಯ ಲೋಟಕ್ಕೆ ಗೆರೆ ಹಾಕುವುದು, ಇವೆಲ್ಲ ಹತ್ತು ನಿಮಿಷದ ಕೆಲಸಗಳು, ಮಾಡುವ ಹೊಣೆ ಯಜಮಾನನದು. ಗುಣಮಟ್ಟದ ವಿಷಯದಲ್ಲಿ ಜಪಾನಿನ ಕೈಗಾರಿಕೆಗೆ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್, ಕೆಲಸದ ಕಡೆ ಆಗುವ ತೊಂದರೆಗಳಲ್ಲಿ ಶೇ. 94ರಷ್ಟು ವ್ಯವಸ್ಥೆಗೆ ಸೇರಿದವು, ಅದನ್ನು ಸರಿಪಡಿಸುವುದು ಆಡಳಿತದ ಕೆಲಸ ಎಂದು ತಮ್ಮ ಅನುಭವದ ಅಂದಾಜನ್ನು ಕೊಟ್ಟಿದ್ದರು. ಅಂಕಿ ಅಷ್ಟೇ ಇರಬೇಕೆಂದೇನಿಲ್ಲ, ದಿಕ್ಕು ಸರಿಯಿದೆ.

ಸಾಫ್ಟ್‌ವೇರ್ ಕಚೇರಿಗಳಲ್ಲಿ ತಪ್ಪಿನ ಬೆಲೆ ಸೆಕೆಂಡುಗಳಲ್ಲಿ ಏರುತ್ತದೆ. ಬಿಟಿಎಂ, ಜೆ.ಪಿ. ನಗರದ ಸಣ್ಣ ಕಂಪನಿಗಳಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿನವರ ಕೈಯಲ್ಲೇ ಗಿರಾಕಿಗಳ ಪೂರ್ತಿ ಡೇಟಾ ಇರುವುದುಂಟು. ಅಂಥವರು ಓದಬೇಕಾದ ಪ್ರಸಂಗ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದು. ರಾತ್ರಿ ತಡವಾಗಿ ಒಂದು ತೊಂದರೆ ಸರಿಪಡಿಸುತ್ತಿದ್ದ ಎಂಜಿನಿಯರ್ ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಲು ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ ತೆಗೆಯಲು ಹೋದರೆ ಇದ್ದ ವಿಧಾನಗಳು ಒಂದಾದ ಮೇಲೊಂದು ಕೈಕೊಟ್ಟಿದ್ದು ಆಗಲೇ ಬೆಳಕಿಗೆ ಬಂತು. ಸುಮಾರು ಆರು ಗಂಟೆಯ ಡೇಟಾ ಶಾಶ್ವತವಾಗಿ ಹೋಯಿತು. ಕಂಪನಿ ದುರಸ್ತಿಯ ಕೆಲಸವನ್ನು ಜನರಿಗೆ ಕಾಣುವಂತೆ ನೇರಪ್ರಸಾರ ಮಾಡಿತು, ಆಮೇಲೆ ಏನೇನು ತಪ್ಪಿತು ಎಂಬ ಉದ್ದದ ವರದಿ ಪ್ರಕಟಿಸಿತು. ಎಂಜಿನಿಯರನ್ನು ಬಲಿ ಕೊಡಲಿಲ್ಲ. ಒಬ್ಬರ ಬೆರಳು ತಪ್ಪಿದ್ದು ನಿಜ, ಆದರೆ ಬ್ಯಾಕಪ್ ಕೆಲಸ ಮಾಡುತ್ತಿದೆಯೇ ಎಂದು ಯಾರೂ ನೋಡದೆ ಇದ್ದದ್ದು ಇಡೀ ಸಂಸ್ಥೆಯ ತಪ್ಪು. ಇಂಥ ವರದಿ ಬರೆಯುವಾಗ ಹೆಸರಿನ ಬದಲು ಕೆಲಸದ ಹಂತಗಳನ್ನು ಬರೆಯುವುದು ಈಗ ಒಳ್ಳೆಯ ತಾಂತ್ರಿಕ ತಂಡಗಳ ರೂಢಿ.

ಮಾತನಾಡುವ ರೀತಿಯ ಬಗ್ಗೆಯೂ ಸ್ವಲ್ಪ ಹೇಳಬೇಕು, ಹೆಚ್ಚಿನ ಕಡೆ ಎಡವುವುದು ಇಲ್ಲೇ. ಮೊದಲ ಕೆಲಸ ನಷ್ಟ ನಿಲ್ಲಿಸುವುದು. ಗಿರಾಕಿಗೆ, ರೋಗಿಗೆ ಆಗುತ್ತಿರುವ ತೊಂದರೆ ನಿಂತ ಮೇಲೆ ಉಳಿದದ್ದು. ಕೋಪ ಇಳಿಯುವವರೆಗೆ ಕಾಯಬೇಕು, ಆದರೆ ವಾರಗಟ್ಟಲೆ ಅಲ್ಲ. ಮಾತು ಬಾಗಿಲು ಹಾಕಿದ ಕೋಣೆಯಲ್ಲಿ ಆಗಬೇಕು. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಬೈಯುವುದು ಈ ಕಾಲದ ದೊಡ್ಡ ಅನಾಚಾರ. ಅಲ್ಲಿ ಬರೆದದ್ದು ಐವತ್ತು ಫೋನುಗಳಲ್ಲಿ ಉಳಿಯುತ್ತದೆ, ರಾತ್ರಿ ಹನ್ನೊಂದಕ್ಕೆ ಹೆಂಡತಿ ಮಕ್ಕಳ ಮುಂದೆಯೇ ಓದಿಸಿಕೊಳ್ಳುತ್ತದೆ. ನೀವು ಎನ್ನುತ್ತಿದ್ದವರು ಸಿಟ್ಟಿನಲ್ಲಿ ಏಕವಚನಕ್ಕೆ ಇಳಿದರೆ, ಆ ದಿನದ ನಷ್ಟದ ಮೊತ್ತ ಮರೆತುಹೋದರೂ ಆ ಮಾತು ಮರೆಯುವುದಿಲ್ಲ. "ತಲೆ ಇದೆಯಾ?" ಎಂಬ ಪ್ರಶ್ನೆಗೆ ಉತ್ತರವಿಲ್ಲ. "ಆ ಹೊತ್ತಿನಲ್ಲಿ ಏನಾಯ್ತು, ಮೊದಲಿಂದ ಹೇಳಿ" ಎಂದರೆ ಉತ್ತರ ಬರುತ್ತದೆ, ಮಧ್ಯೆ ಬಾಯಿ ಹಾಕದೆ ಕೇಳಿದರೆ ಪೂರ್ತಿ ಬರುತ್ತದೆ. ಹೇಳಿಕೊಂಡದ್ದಕ್ಕೆ ಒಳ್ಳೆಯದಾಯಿತು ಎಂದು ಒಂದು ಮಾತು ಹೇಳುವುದರಿಂದ ಯಜಮಾನಿಕೆ ಕಡಿಮೆಯಾಗುವುದಿಲ್ಲ. ತಪ್ಪು ತಪ್ಪೇ ಎಂದು ಸ್ಪಷ್ಟವಾಗಿ ಹೇಳುವುದೂ ಅಷ್ಟೇ ಮುಖ್ಯ. ಬೇಜಾರಾದೀತೆಂದು ಸುತ್ತಿಬಳಸಿ ಹೇಳಿದರೆ ಕೇಳಿದವನಿಗೆ ಏನು ಬದಲಾಗಬೇಕೆಂಬುದೇ ತಿಳಿಯುವುದಿಲ್ಲ.

ನಷ್ಟವನ್ನು ಸಂಬಳದಲ್ಲಿ ಹಿಡಿಯುವುದು ಅಂಗಡಿ ಹೋಟೆಲುಗಳಲ್ಲಿ ಸಾಮಾನ್ಯ. ರಾತ್ರಿ ಕ್ಯಾಶ್ ಟ್ಯಾಲಿ ಆಗದಿದ್ದರೆ ಗಲ್ಲಾದವನ ಕೈಯಿಂದ, ಲೋಟ ಒಡೆದರೆ ತೊಳೆಯುವವನ ಕೈಯಿಂದ. ಕಾನೂನು ಇದನ್ನು ಮನಸ್ಸಿಗೆ ಬಂದಂತೆ ಮಾಡಲು ಬಿಡುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ದಂಡ ಹಾಕುವುದಾದರೆ ಆ ವೇತನದ ಅವಧಿಯ ಸಂಬಳದ ಶೇ. 3ನ್ನು ಮೀರುವಂತಿಲ್ಲ. ನಷ್ಟದ ಬಾಬ್ತು ಕಡಿತ ಮಾಡಬೇಕಾದರೆ ಆ ವಸ್ತು ಅಥವಾ ಹಣ ಅವನ ವಶಕ್ಕೆ ಒಪ್ಪಿಸಿದ್ದಾಗಿರಬೇಕು, ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯಬಾರದು, ಹಿಡಿಯುವ ಮುಂಚೆ ಅವನ ಮಾತು ಕೇಳಬೇಕು. ಕಾನೂನು ಬಿಟ್ಟು ವ್ಯವಹಾರದ ಲೆಕ್ಕದಲ್ಲಿ ನೋಡಿದರೂ ಕಡಿತದಿಂದ ಲಾಭವಿಲ್ಲ. ಕಡಿಮೆ ಬಿದ್ದ ದಿನ ಕೈಯಿಂದ ಹೋಗುತ್ತದೆಂದು ತಿಳಿದ ಕ್ಯಾಷಿಯರ್, ಹೆಚ್ಚು ಬಂದ ದಿನ ಅದನ್ನು ತೆಗೆದಿಟ್ಟುಕೊಳ್ಳಲು ಶುರು ಮಾಡುತ್ತಾನೆ. ಲೆಕ್ಕ ಪ್ರತಿದಿನ ಸರಿಹೊಂದುತ್ತದೆ, ಅದರ ನಿಜ ಸ್ಥಿತಿ ಯಾರಿಗೂ ತಿಳಿಯುವುದಿಲ್ಲ.

ಸರ್ಕಾರಿ ಕಚೇರಿಯ ಸ್ಥಿತಿ ಬೇರೆ. ರಾಜ್ಯ ನೌಕರರಿಗೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ಅನ್ವಯಿಸುತ್ತವೆ. ವಾಗ್ದಂಡನೆ, ವಾರ್ಷಿಕ ವೇತನ ಬಡ್ತಿ ತಡೆ, ನಷ್ಟ ವಸೂಲಿಯಿಂದ ಹಿಡಿದು ವಜಾದವರೆಗೆ ದಂಡನೆಗಳ ಪಟ್ಟಿಯೇ ಅಲ್ಲಿದೆ. ಕಾರಣ ಕೇಳುವ ನೋಟಿಸ್, ಇಲಾಖಾ ವಿಚಾರಣೆ, ಮೇಲ್ಮನವಿ ಎಲ್ಲವೂ ನೌಕರನ ರಕ್ಷಣೆಗೇ ಇರುವುದು, ಅದು ಬೇಕು. ಆದರೆ ಈ ಯಂತ್ರ ಯಾರು ಮಾಡಿದರು ಎಂದು ಕೇಳುತ್ತದೆ, ಹೇಗೆ ಆಯಿತು ಎಂದು ಕೇಳುವುದು ಅಪರೂಪ. ಮೆಮೊ ಬರುವ ಭಯಕ್ಕೆ ಗುಮಾಸ್ತರು ಕಡತವನ್ನು ಮುಂದಿನ ಮೇಜಿಗೆ ತಳ್ಳುತ್ತಾರೆ, ಅಲ್ಲಿಂದ ಸ್ಪಷ್ಟೀಕರಣ ಕೋರಿ ಹಿಂದಕ್ಕೆ ಬರುತ್ತದೆ. ತೀರ್ಮಾನ ಮಾಡದಿರುವುದಕ್ಕೆ ಯಾರಿಗೂ ಮೆಮೊ ಬರುವುದಿಲ್ಲವಾದ್ದರಿಂದ ಅದೇ ಸುರಕ್ಷಿತ ದಾರಿಯಾಗುತ್ತದೆ, ಖಾತೆಗಾಗಿ, ಪಿಂಚಣಿಗಾಗಿ ಬಂದವರು ಅಲೆಯುತ್ತಾರೆ. ಒಳ್ಳೆಯ ಅಧಿಕಾರಿ ಇಲ್ಲಿ ಮಾಡಬಹುದಾದದ್ದು, ಕೈಕೆಳಗಿನವರು ಸದುದ್ದೇಶದಿಂದ ತೆಗೆದುಕೊಂಡ ತೀರ್ಮಾನದ ಕಾರಣವನ್ನು ಕಡತದಲ್ಲೇ ಬರೆಸಿ, ತಾನೂ ಸಹಿ ಹಾಕಿ ಜೊತೆಗೆ ನಿಲ್ಲುವುದು.

ತಪ್ಪು ಮಾಡಿದವನನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಕೊನೆಯ ಹಂತ. ಹೆಚ್ಚಿನವರು ಇದನ್ನು ಮರೆಯುತ್ತಾರೆ. ಗಲ್ಲಾದಿಂದ ಎಬ್ಬಿಸಿ ಗೋಡೌನಿಗೆ ಕಳಿಸಿ, ಅದನ್ನೇ ಕ್ಷಮೆ ಎಂದುಕೊಳ್ಳುತ್ತಾರೆ. ಉಳಿದವರು ಅದನ್ನು ಶಿಕ್ಷೆಯೆಂದೇ ಓದಿಕೊಳ್ಳುತ್ತಾರೆ. ಎಡವಿದ ಕೆಲಸವನ್ನೇ ಮತ್ತೆ ಕೊಡಬೇಕು. ಮೊದಲ ಕೆಲವು ದಿನ ಅನುಭವಿ ಒಬ್ಬರು ಪಕ್ಕದಲ್ಲಿರಲಿ, ಆಮೇಲೆ ಒಬ್ಬರಿಗೇ ಬಿಡಲಿ. 1979ರ ನಂತರವೂ ಕಲಾಂ ಅದೇ ಯೋಜನೆಯ ನಿರ್ದೇಶಕರಾಗಿಯೇ ಮುಂದುವರಿದರು. ಮಾಡಿದ ಬದಲಾವಣೆ ಕೆಲಸ ಮಾಡುತ್ತಿದೆಯೇ ಎಂದು ಒಂದೆರಡು ತಿಂಗಳು ಬಿಟ್ಟು ತಿರುಗಿ ನೋಡಬೇಕು. ಡಬ್ಬಿಗಳನ್ನು ಬೇರೆ ಖಾನೆಗೆ ಹಾಕಿದ್ದು ದೀಪಾವಳಿಯ ಸ್ಟಾಕ್ ಬಂದಾಗ ಮತ್ತೆ ಒಂದಾಗಿರಬಹುದು.

ವ್ಯವಸ್ಥೆ ಸರಿಯಾದ ಮೇಲೂ, ತರಬೇತಿ ಸಿಕ್ಕ ಮೇಲೂ ಒಬ್ಬರಿಂದಲೇ ಅದೇ ತಪ್ಪು ಮರುಕಳಿಸಿದರೆ ಆ ಕೆಲಸ ಅವರಿಗೆ ಹೊಂದುತ್ತಿಲ್ಲವೆಂದು ತಿಳಿದು ಬೇರೆ ಕೆಲಸ ಕೊಡುವುದು ಸರಿ. ಅದೂ ಇಲ್ಲದಿದ್ದರೆ ಬೇರ್ಪಡುವುದೂ ಸರಿ, ಯಾಕೆಂದರೆ ಆ ತಪ್ಪಿನ ಭಾರ ಹೊರುತ್ತಿರುವ ರೋಗಿ, ಗಿರಾಕಿ, ಸಹೋದ್ಯೋಗಿಗಳ ಹಿತವೂ ಮುಂದಾಳಿನ ಹೊಣೆಯೇ. ಹಾಗೆ ಕಳಿಸುವಾಗ ಕಾರಣವನ್ನು ಮುಖ ನೋಡಿ ಹೇಳಬೇಕು, ಅನುಭವ ಪತ್ರ ತಡೆಹಿಡಿಯಬಾರದು. ಕೆಲಸ ಬಿಟ್ಟವರಿಗಾಗಲಿ, ತೆಗೆಸಿಕೊಂಡವರಿಗಾಗಲಿ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.